ಹೆಣ್ಮಕ್ಕಳ ಮೈಬಣ್ಣ ಮತ್ತು ನಮ್ಮ ನಾಲಗೆ
(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



1975ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮು ನಮ್ಮ ಮಾರುಕಟ್ಟೆಗೆ ಬಂತು. ಬೆಳ್ಳಗಾದರೆ ವರನೂ ಸಿಗುತ್ತಾನೆ, ಉದ್ಯೋಗವೂ ಸಿಗುತ್ತದೆ ಎಂದು ಅದರ ಜಾಹೀರಾತುಗಳು ಹೆಣ್ಮಕ್ಕಳಿಗೆ ಕಲಿಸಿದವು. ವ್ಯಾಪಕ ಟೀಕೆಯ ಬಳಿಕ 2020ರಲ್ಲಿ ಕಂಪೆನಿಯು ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ನಾವು ಕೈಬಿಟ್ಟಿದ್ದೇವೆಯೇ?

‘ಹುಡುಗಿ ಒಳ್ಳೆಯವಳು, ಬಣ್ಣ ಮಾತ್ರ ಸ್ವಲ್ಪ ಕಮ್ಮಿ’ ಎನ್ನುವುದು ಯಾರ ಮಾತು? ಹೆಣ್ಣು ನೋಡಲು ಹೋದ ನಮ್ಮದೇ. ಆ ‘ಕಮ್ಮಿ’ಯನ್ನು ವರದಕ್ಷಿಣೆಯಿಂದ ತುಂಬಿಸಿಕೊಳ್ಳುವವರೂ ನಾವೇ. ಒಳಕೋಣೆಯಿಂದ ಇದನ್ನು ಕೇಳಿಸಿಕೊಂಡ ಹೈಸ್ಕೂಲಿನ ತಂಗಿಯು ಮರುದಿನದಿಂದ ಕನ್ನಡಿಯೆದುರು ಕೊರಗುತ್ತಾಳೆ. ನೆಂಟರ ಮದುವೆಗೆ ಬರಲೊಪ್ಪುವುದಿಲ್ಲ, ತರಗತಿಯ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಅವಿತುಕೊಳ್ಳುತ್ತಾಳೆ.

ಈ ಕೀಳರಿಮೆಯು ಮನಸ್ಸನ್ನಷ್ಟೇ ಅಲ್ಲ, ದೇಹವನ್ನೂ ಕೆಡಿಸಬಲ್ಲದು. 2023ರಲ್ಲಿ ಕೇರಳದ ಕೋಟ್ಟಕ್ಕಲ್‌ನ ವೈದ್ಯರು, ಮೂತ್ರಪಿಂಡದ ಕಾಯಿಲೆಗೆ ತುತ್ತಾದ ಹಲವರು ತಯಾರಕರ ವಿವರವೇ ಇಲ್ಲದ ಬಿಳುಪಿನ ಕ್ರೀಮುಗಳನ್ನು ಬಳಸುತ್ತಿದ್ದುದನ್ನು ಪತ್ತೆಹಚ್ಚಿದರು. ಅವರಲ್ಲಿ 14ರ ಹರೆಯದ ಬಾಲಕಿಯೂ ಇದ್ದಳು. ಇಂತಹ ಕ್ರೀಮುಗಳಲ್ಲಿರುವ ಪಾದರಸವು ಚರ್ಮದಲ್ಲಿ ಬಣ್ಣ ಉತ್ಪತ್ತಿಯಾಗುವುದನ್ನು ತಡೆಯುತ್ತದೆ. ಅದೇ ಪಾದರಸ ರಕ್ತ ಸೇರಿ ಮೂತ್ರಪಿಂಡವನ್ನು ಘಾಸಿಗೊಳಿಸುತ್ತದೆ.

ಮಾರುವವರನ್ನು ದೂಷಿಸುವುದು ಸುಲಭ. ಆದರೆ ಅವರಿಗೆ ಗಿರಾಕಿಗಳನ್ನು ಸಿದ್ಧಪಡಿಸಿ ಕೊಡುತ್ತಿರುವುದು ನಮ್ಮ ನಾಲಗೆ. ಮಗಳ ಬಣ್ಣ, ಗಾತ್ರಗಳ ಕುರಿತು ತಮಾಷೆಗೂ ಮಾತೆತ್ತದಿರೋಣ. ಮಗನಿಗೆ ಹೆಣ್ಣು ಹುಡುಕುವಾಗ ‘ಬೆಳ್ಳಗಿರಬೇಕು’ ಎಂಬ ಷರತ್ತನ್ನು ಕೈಬಿಡೋಣ. ಬಣ್ಣಕ್ಕೆ ಬೆಲೆ ಕಟ್ಟುವ ಸಂಬಂಧವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸೋಣ. ಸಭೆ ಮುಗಿಸಿ ಮನೆಗೆ ಮರಳುವಾಗ ಇಷ್ಟು ತೀರ್ಮಾನವಾದರೂ ನಮ್ಮ ಜೊತೆಗಿರಲಿ.