ಅಂಗಳದ ನಿತ್ಯಪುಷ್ಪವೂ ಕ್ಯಾನ್ಸರ್ ಔಷಧವೂ



ವಾಮದಪದವಿನ ಅನೇಕ ಮನೆಗಳ ಅಂಗಳದಲ್ಲಿ ಐದು ಎಸಳಿನ ಗುಲಾಬಿ ಬಣ್ಣದ ಒಂದು ಹೂವಿದೆ. ಕನ್ನಡದಲ್ಲಿ ಅದು ನಿತ್ಯಪುಷ್ಪ, ಉರ್ದುವಿನಲ್ಲಿ ಸದಾಬಹಾರ್. ಸಕ್ಕರೆ ಕಾಯಿಲೆಗೆಂದು ಇದರ ಎಲೆಯನ್ನು ಜಗಿಯುವವರೂ ಇದ್ದಾರೆ. ಕೆನಡಾದ ವಿಜ್ಞಾನಿಗಳಾದ ನೋಬಲ್ ಮತ್ತು ಬಿಯರ್ ಈ ನಂಬಿಕೆಯನ್ನೇ ಪರೀಕ್ಷಿಸಲು ಹೊರಟಾಗ ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಎಂಬ ಔಷಧವನ್ನು ಜಗತ್ತಿಗೆ ತಿಳಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಅದೂ ಒಂದು.

ಅದು ಕೆಲಸ ಮಾಡುವುದು ಹೇಗೆ? ವಿಜ್ಞಾನದ ಪಾಠದಲ್ಲಿ ಕೋಶ ವಿಭಜನೆಯನ್ನು ಓದಿದ್ದೀರಿ. ಒಂದು ಕೋಶ ಎರಡಾಗುವಾಗ ಸಣ್ಣ ಎಳೆಗಳು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ವಿನ್‌ಕ್ರಿಸ್ಟಿನ್ ಆ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಕೋಶ ಅರ್ಧದಲ್ಲೇ ನಿಂತು ಸಾಯುತ್ತದೆ. ಎಡೆಬಿಡದೆ ವಿಭಜನೆಯಾಗುವ ಕ್ಯಾನ್ಸರ್ ಕೋಶಕ್ಕೆ ಇದರಿಂದ ಹೆಚ್ಚು ಪೆಟ್ಟು.

ಆದರೆ ಔಷಧಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಕೂದಲಿನ ಬುಡದ ಕೋಶಗಳೂ ಬೇಗ ವಿಭಜನೆಯಾಗುವುದರಿಂದ ಕೂದಲು ಉದುರುತ್ತದೆ. ಉದ್ದನೆಯ ನರಗಳ ಒಳಗೆ ಸಾಮಗ್ರಿ ಸಾಗುವುದೂ ಅಂಥದೇ ಎಳೆಗಳ ಮೇಲೆ. ಆದ್ದರಿಂದ ಕೈಕಾಲು ಜೋಮು ಹಿಡಿಯುತ್ತದೆ, ದವಡೆ ನೋಯುತ್ತದೆ, ಕರುಳಿನ ನರ ಸೋತು ಮಲಬದ್ಧತೆಯಾಗುತ್ತದೆ. ಕೆಲವು ಮಕ್ಕಳು ನಡೆಯುವಾಗ ಪಾದ ಎತ್ತಲಾರದೆ ಎಡವುತ್ತಾರೆ.

ಇದನ್ನು ಕಂಡು ಗಾಬರಿಯಾಗಿ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಮಗು ಗೆಲುವಾಗಿ ಕಂಡರೂ ಉಳಿದ ಕೋಶಗಳು ಮತ್ತೆ ಬೆಳೆಯಬಲ್ಲವು. ತೊಂದರೆಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಅವರು ಪ್ರಮಾಣ ತಗ್ಗಿಸಬಹುದು, ಮಲಬದ್ಧತೆಗೆ ಮದ್ದು ಕೊಡಬಹುದು. ಉದುರಿದ ಕೂದಲು ಮತ್ತೆ ಬರುತ್ತದೆ, ಜೋಮು ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ. ಜ್ವರ ಬಂದರೆ ಮಾತ್ರ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಮದ್ದಿನ ಗಿಡ ಅಂಗಳದಲ್ಲೇ ಇದೆಯೆಂದು ಕಷಾಯ ಮಾಡಿ ಕುಡಿಯಬೇಡಿ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ರೋಗಿಗೆ ಒಂದು ಸಲಕ್ಕೆ ಕೊಡುವುದು ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ, ಅದೂ ರಕ್ತನಾಳಕ್ಕೆ ಮಾತ್ರ. ಎಲೆಯಲ್ಲಿ ಆ ಅಳತೆ ಇಲ್ಲ, ವಿಷ ಇದೆ.

ವಿದ್ಯಾರ್ಥಿಗಳೇ, ನಿಮ್ಮ ನೆರೆಮನೆಯಲ್ಲಿ ಚಿಕಿತ್ಸೆ ಪಡೆಯುವ ಮಗುವಿದ್ದರೆ ಈ ವಿಷಯವನ್ನು ಆ ಮನೆಯವರಿಗೆ ತಿಳಿಸಿ ಹೇಳಿ. ಕಲಿತ ವಿದ್ಯೆ ಅಷ್ಟಕ್ಕಾದರೂ ಒದಗಲಿ.