ಹಾಡಿನ ಬೇರು ಗಣಿಯೂರಿನಲ್ಲೂ ಇದೆ

ಇಂಗ್ಲೆಂಡಿನ ಪಂಕ್ ತಂಡಗಳಂತೆ ಸಿಟ್ಟನ್ನೇ ಸಂಗೀತ ಮಾಡಿದ ತಂಡವೊಂದು ಚೆನ್ನೈನಲ್ಲಿ ಹುಟ್ಟಿತು. ಹೆಸರು ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’. 2018ರ ಜನವರಿಯಲ್ಲಿ ಮೊದಲ ಕಛೇರಿ ನಡೆಸಿದ ಅದು, ಸಾವಿನ ಮನೆಯಲ್ಲಿ ಹಾಡುವ ಗಾನಾ ಪದಗಳಿಗೆ ರಾಕ್, ರ‍್ಯಾಪ್ ಬೆರೆಸಿತು. ಇಸೈವಾಣಿ ಹಾಡಿದ ‘ಐ ಆ್ಯಮ್ ಸಾರಿ ಅಯ್ಯಪ್ಪಾ’ ಹೆಣ್ಣಿಗೆ ಗುಡಿಯ ಬಾಗಿಲೇಕೆ ಮುಚ್ಚಿದೆಯೆಂದು ಕೇಳುತ್ತದೆ. ಹಲವರು ಮೆಚ್ಚಿದರು, ನಂಬಿಕೆಗೆ ನೋವಾಯಿತೆಂದು 2024ರಲ್ಲಿ ಕೆಲವರು ಪೊಲೀಸರಿಗೆ ದೂರಿತ್ತರು.

ಊರಿಗಾಂಗೂ ಇದಕ್ಕೂ ಏನು ನಂಟು? ‘ಜಾತಿಯಿಲ್ಲದ ತಮಿಳರು’ ಎಂಬ ಪಂಡಿತ ಅಯೋತಿದಾಸರ ಮಾತೇ ತಂಡದ ಹೆಸರಿನ ಬೇರು. ಅವರು 1907ರಲ್ಲಿ ಆರಂಭಿಸಿದ ಪತ್ರಿಕೆಗೆ ಇಲ್ಲಿಯ ಗಣಿ ಕಾರ್ಮಿಕರಲ್ಲಿ ಓದುಗರಿದ್ದರು. ಮಾರಿಕುಪ್ಪಂನಲ್ಲಿ ಅವರ ಬೌದ್ಧ ಸಂಘದ ಶಾಖೆಯಿತ್ತು. ಗಣಿ 2001ರಲ್ಲಿ ಮುಚ್ಚಿತು. ಜಾತಿಯ ಪ್ರಶ್ನೆ ಮಾತ್ರ ಉಳಿದಿದೆ. ಹಾಡು ಹಿಡಿಸಲಿ, ಬಿಡಲಿ, ಉತ್ತರ ಹೇಳಬೇಕಾದವರು ನಾವೇ.