ಸೀರೆಯ ಜೊತೆ ಹೋಗಬೇಕಾದ ಚೀಟಿ



ನೇಕಾರರು, ಜವಳಿ ಅಂಗಡಿಗಳ ಮಾಲೀಕರು, ಮೊಬೈಲಿನ ಮೂಲಕ ಸೀರೆ ಮಾರುವವರು ಸೇರಿದ ಈ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ, ಜವಳಿ ಅಂಗಡಿಯ ಗಲ್ಲಾದ ಮುಂದೆ ಆಯುಷ್ಯ ಕಳೆದ ನನ್ನನ್ನು ಕರೆದಿದ್ದೀರಿ. ಕೃತಜ್ಞನಾಗಿದ್ದೇನೆ.

ಬೆಳಗಿನಿಂದ ಇಲ್ಲಿ ಮಾರುಕಟ್ಟೆಯ ಮಾತೇ ನಡೆದಿದೆ. ನೂಲಿನ ದರ ಇಳಿಯಬೇಕು, ಪ್ರಚಾರಕ್ಕೆ ಸರಕಾರ ನೆರವು ಕೊಡಬೇಕು, ಮೇಳಗಳಲ್ಲಿ ಮಳಿಗೆ ಸಿಗಬೇಕು ಎಂದು ಕೇಳಿದ್ದೀರಿ. ಎಲ್ಲವೂ ನ್ಯಾಯವಾದ ಬೇಡಿಕೆಗಳು, ನಿರ್ಣಯಗಳಲ್ಲಿ ಸೇರಲಿ. ಆದರೆ ಯಾವ ಸರಕಾರವೂ ನಮಗಾಗಿ ಮಾಡಿಕೊಡಲಾರದ ಕೆಲಸವೊಂದಿದೆ. ನಮ್ಮ ಸೀರೆ ಎಂಥದ್ದು ಎಂದು ಎಲ್ಲರೂ ಹೇಳುತ್ತೇವೆ. ಎಂಥದ್ದಲ್ಲ ಎಂಬುದನ್ನು ಗಿರಾಕಿ ಕೇಳುವ ಮೊದಲೇ, ಅವರು ದುಡ್ಡು ತೆಗೆಯುವ ಮೊದಲೇ ಹೇಳಬೇಕು. ನನ್ನ ಸಮಯವನ್ನು ಈ ಒಂದು ವಿಷಯಕ್ಕೇ ಬಳಸುತ್ತೇನೆ.

ಮೊಬೈಲ್ ತೆರೆದು ಇಳಕಲ್ ಸೀರೆ ಎಂದು ಹುಡುಕಿ ನೋಡಿ. ‘ಪ್ಯೂರ್ ಹ್ಯಾಂಡ್‌ಲೂಮ್’, ‘ನೇರ ನೇಕಾರರಿಂದ’ ಎಂಬ ಮಾತಿನ ಕೆಳಗೆ ನೇಕಾರನ ಮಜೂರಿಗೂ ಸಾಲದಂಥ ದರಗಳು ಕಾಣುತ್ತವೆ. ಅದು ಕೈಮಗ್ಗದ್ದಾಗಿರಲು ಸಾಧ್ಯವಿಲ್ಲವೆಂದು ನೂಲಿನ ಲೆಕ್ಕ ಬಲ್ಲ ನಮಗೆ ಗೊತ್ತು. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಆರ್ಡರ್ ಹಾಕುವ ಹೆಣ್ಣುಮಗಳಿಗೆ ಹೇಗೆ ಗೊತ್ತಾಗಬೇಕು? ಅಕ್ಕಿ ಕೆಟ್ಟದ್ದಾದರೆ ಅನ್ನ ಉಂಡ ದಿನವೇ ತಿಳಿಯುತ್ತದೆ. ಸೀರೆ ಕೈಮಗ್ಗದ್ದೋ ಪವರ್‌ಲೂಮಿನದೋ ಎಂಬುದು ವರ್ಷಗಟ್ಟಲೆ ಉಟ್ಟರೂ ತಿಳಿಯದೆ ಹೋಗಬಹುದು. ನಮ್ಮ ವ್ಯಾಪಾರದಲ್ಲಿ ಸುಳ್ಳು ಸಿಕ್ಕಿಬೀಳದೆಯೂ ಉಳಿಯಬಲ್ಲದು. ಅದಕ್ಕೇ ಇಲ್ಲಿ ಮಾರುವವನ ಮಾತಿಗೆ ಇಷ್ಟು ತೂಕ.

ನೇಕಾರರಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಕ್ಷಮಿಸಿ. ಹೊಸದಾಗಿ ಮಾರಾಟಕ್ಕೆ ಇಳಿದ ಕಿರಿಯರು ಇಲ್ಲಿ ಬಹಳ ಮಂದಿ ಇದ್ದಾರೆ, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಎನ್ನುವುದು ಬಲ್ಲವರು ಮೊದಲು ಕೇಳುವ ಜೋಡಿ. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಸೇರಿಸುತ್ತಾರೆ. ಟೋಪತೆನಿ ಎನ್ನುವುದು ಇದನ್ನೇ. ಈ ಜೋಡಣೆಗಾಗಿ ಆರು, ಎಂಟು, ಒಂಬತ್ತು ಗಜ ಎಂದು ಒಂದೊಂದೇ ಸೀರೆಯ ಅಳತೆಗೆ ಹಾಸು ಹೂಡಬೇಕು. ಇನ್ನು ಹೊಕ್ಕಿಗೆ ಮೂರು ಲಾಳಿ, ಒಡಲಿಗೆ ಒಂದು, ಎರಡು ಬದಿಯ ದಡಿಗೆ ಒಂದೊಂದು. ಒಡಲಿನ ಎಳೆಯೂ ದಡಿಯ ಎಳೆಯೂ ಕೊಂಡಿ ಹಾಕಿಕೊಂಡು ಹಿಂದಿರುಗುವುದರಿಂದ ದಡಿಯ ಬಣ್ಣಕ್ಕೆ ಒಡಲಿನ ಬಣ್ಣ ಬೆರೆಯುವುದಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು ಒಬ್ಬರಾದರೂ ಕಂಡಿಕೆ ಸುತ್ತುವವರು, ಹಾಸು ಜೋಡಿಸುವವರು ಎಂದು ಮನೆಯ ಹಲವು ಕೈಗಳು ಸೇರುತ್ತವೆ. ದರ ಏಕೆ ಹೆಚ್ಚು ಎಂದು ಗಿರಾಕಿ ಕೇಳಿದಾಗ ಹೇಳಬೇಕಾದದ್ದು ಇದನ್ನು. ‘ಪರಂಪರೆ’, ‘ವೈಭವ’, ‘ರಾಣಿಯ ಲುಕ್’ ಎಂಬ ಮಾತುಗಳಲ್ಲಿ ಈ ಕೆಲಸ ಎಲ್ಲೂ ಕಾಣುವುದಿಲ್ಲ.

ಪವರ್‌ಲೂಮ್ ನಡೆಸುವವರೂ ಈ ಸಭೆಯಲ್ಲಿದ್ದೀರಿ. ನಿಮ್ಮ ದುಡಿಮೆ ಕಡಿಮೆಯದೆಂದು ನಾನು ಹೇಳುವುದಿಲ್ಲ. ದಿನಬಳಕೆಗೆ ಕೈಗೆಟಕುವ ದರದಲ್ಲಿ ಸೀರೆ ಕೊಡುತ್ತಿರುವವರು ನೀವು. ಕೂಲಿಗೆ ಹೋಗುವ ಹೆಣ್ಣುಮಗಳು ಉಟ್ಟುಕೊಳ್ಳುವುದು ನಿಮ್ಮ ಮಾಲನ್ನೇ. ಅದನ್ನು ಪವರ್‌ಲೂಮಿನದೆಂದೇ ಮಾರಿದರೆ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಕೈಮಗ್ಗದ್ದೆಂದು ಮಾರಿದಾಗ ಮಾತ್ರ ಒಂದೇ ಸುಳ್ಳಿಗೆ ಮೂವರು ಮೋಸ ಹೋಗುತ್ತಾರೆ. ಕೊಂಡವಳು ಹೆಚ್ಚು ದುಡ್ಡು ಕೊಟ್ಟಳು, ಕೈಮಗ್ಗದವನು ಗಿರಾಕಿಯನ್ನು ಕಳೆದುಕೊಂಡ, ಪವರ್‌ಲೂಮಿನವನ ಒಳ್ಳೆಯ ಮಾಲಿಗೆ ಅದರದೇ ಹೆಸರಿನಲ್ಲಿ ಸಿಗಬೇಕಾದ ಬೆಲೆಯೂ ಸಿಗದೆ ಹೋಯಿತು.

ಹೋದ ಮದುವೆ ಹಂಗಾಮಿನಲ್ಲಿ ನಮ್ಮ ಅಂಗಡಿಗೆ ಒಂದು ಮನೆಯವರು ಜವಳಿ ತೆಗೆಯಲು ಬಂದಿದ್ದರು. ತಾಯಿ, ಇಬ್ಬರು ಹೆಣ್ಣುಮಕ್ಕಳು, ಸೋದರಮಾವ. ತಾಯಿಯ ಕಣ್ಣು ಗಿರಿಕುಂಕುಮ ಬಣ್ಣದ ಒಂದು ಸೀರೆಯ ಮೇಲೆ ನಿಂತಿತು. “ಇದು ಕೈಮಗ್ಗದ್ದ ಹೌದಲ್ರಿ?” ಎಂದರು. ಕೇಳಿದ ಬಗೆಯಲ್ಲೇ ಹೌದೆನ್ನಿಸಿಕೊಳ್ಳುವ ಆಸೆ ಇತ್ತು. ಸೀರೆ ತೋರಿಸುತ್ತಿದ್ದ ನಮ್ಮ ಹುಡುಗ, “ಅಲ್ರಿ ಅವ್ವಾರ, ಇದು ಪವರ್‌ಲೂಮಿಂದು. ಸೆರಗು ರೇಷ್ಮಿ ಅಲ್ಲ, ಚಮಕಾ, ಕೃತಕ ರೇಷ್ಮಿ. ದಿನಾ ಉಡಾಕ ಚೊಲೋ ಐತಿ. ಮದಿಮಗಳಿಗೆ ಅಂದ್ರ ಈ ಕಡೆದು ನೋಡ್ರಿ” ಎಂದು ಇನ್ನೊಂದನ್ನು ಬಿಚ್ಚಿ, ಸೆರಗು ಮತ್ತು ಒಡಲು ಕೂಡುವ ಜಾಗವನ್ನು ಮಗುಚಿ ಹಿಡಿದ. ಆಕೆ ಹೆಬ್ಬೆರಳಿನಿಂದ ಆ ಗೆರೆಯನ್ನು ಉದ್ದಕ್ಕೂ ಸವರಿದರು. “ಕೈಗೆ ಹತ್ತತೈತಿ” ಎಂದರು. ಆಮೇಲೆ ದರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಅಣ್ಣನ ಜೊತೆ ಮಾತಾಡಿಕೊಂಡರು. ಕೊನೆಗೆ ಮದುಮಗಳಿಗೆ ಕೈಮಗ್ಗದ್ದು ಒಂದು, ಆಯೇರಿಗೆಂದು ಪವರ್‌ಲೂಮಿನವು ಒಂದು ಕಟ್ಟು ತೆಗೆದುಕೊಂಡರು.

ಎಲ್ಲರೂ ಹಾಗೆ ಕೊಳ್ಳುವುದಿಲ್ಲ, ಎದ್ದು ಹೋಗುವವರೂ ಇದ್ದಾರೆ. ಆದರೆ ಆ ದಿನ ಆ ತಾಯಿ ಎರಡು ಬಗೆಯ ಸೀರೆಗಳನ್ನೂ ಯಾವುದು ಯಾವುದೆಂದು ತಿಳಿದೇ ಕೊಂಡರು. ಬೀಗರ ಮನೆಯಲ್ಲಿ ಯಾರಾದರೂ ಸೆರಗು ಮಗುಚಿ ನೋಡಿದರೆ ಅವರ ಮುಖ ಸಣ್ಣದಾಗುವುದಿಲ್ಲ. ಸಣ್ಣ ಅಂಗಡಿಯ ಜಾಹೀರಾತು ಇಂಥ ಮನೆಗಳಲ್ಲಿ ನಡೆಯುತ್ತದೆ, ಮದುವೆ ಚಪ್ಪರದ ಕೆಳಗೆ, ಕುಬಸದ ದಿನ, ನಾವಿಲ್ಲದ ಕಡೆ.

ಈಗ ಕಾನೂನಿನ ಮಾತು, ಚುಟುಕಾಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರಲ್ಲಿ ಇಂಥ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿ ಬಂತು. 2023ರ ನವೆಂಬರಿನಲ್ಲಿ ಆನ್‌ಲೈನ್ ಮಾರಾಟದ ಮರುಳು ತಂತ್ರಗಳನ್ನು ಪಟ್ಟಿ ಮಾಡಿದ ಮತ್ತೊಂದು ಮಾರ್ಗಸೂಚಿ ಬಂತು. ಇಲ್ಲದ ಅವಸರ ಹುಟ್ಟಿಸುವುದು ಆ ಪಟ್ಟಿಯಲ್ಲಿದೆ. ‘ಕೊನೆಯ ಎರಡೇ ಪೀಸ್’ ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿ ಗೋದಾಮಿನಲ್ಲಿ ಕಟ್ಟು ಕಟ್ಟು ಇಟ್ಟುಕೊಂಡವರು ಇದನ್ನು ಓದಿಕೊಳ್ಳುವುದು ಒಳ್ಳೆಯದು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ 11 ಬಗೆಯ ಬಟ್ಟೆಗಳು ಕೈಮಗ್ಗಕ್ಕೇ ಮೀಸಲು ಎಂಬುದೂ ನಿಮಗೆ ತಿಳಿದಿದೆ. ಇಷ್ಟೆಲ್ಲ ಕಾಯ್ದೆಗಳಿದ್ದರೂ ಇನ್‌ಸ್ಪೆಕ್ಟರು ಪ್ರತಿ ಅಂಗಡಿಗೂ ಬರಲಾರರು. ಬರುವವರೆಗೆ ಕಾಯುವ ವ್ಯಾಪಾರ ನಮ್ಮದಾಗಬಾರದು.

ಆನ್‌ಲೈನಿನಲ್ಲಿ ಮಾರುವವರಿಗೆ ಎರಡು ಮಾತು. ಸೀರೆಯ ಫೋಟೋವನ್ನು ಹಗಲು ಬೆಳಕಿನಲ್ಲಿ, ಫಿಲ್ಟರ್ ಹಾಕದೆ ತೆಗೆಯಿರಿ. ಒಡಲು, ದಡಿ, ಸೆರಗು ಮೂರನ್ನೂ ತೋರಿಸಿ, ಸೆರಗು ಕೂಡುವ ಜಾಗದ ಹಿಂಬದಿಯನ್ನೂ ತೋರಿಸಿ. ದರವನ್ನು ಅಲ್ಲಿಯೇ ಬರೆಯಿರಿ. ‘ದರಕ್ಕೆ ಮೆಸೇಜ್ ಮಾಡಿ’ ಎನ್ನುವುದನ್ನು ನೋಡಿದಾಗಲೆಲ್ಲ, ಇವರು ನನ್ನ ಮುಖ ನೋಡಿ ದರ ಹೇಳುತ್ತಾರೆ ಎಂಬ ಅನುಮಾನ ಗಿರಾಕಿಗೆ ಬರುತ್ತದೆ. ಆ ಅನುಮಾನ ತಪ್ಪೆಂದು ನನಗೂ ಅನ್ನಿಸುವುದಿಲ್ಲ. ದರ ಏರಿಸಿ ಅರ್ಧಕ್ಕೆ ಇಳಿಸಿದೆವೆಂದು ಹಾಕುವ ‘50 ಪರ್ಸೆಂಟ್ ಆಫ್’ ಬೋರ್ಡು ಕೂಡ ಇದೇ ಜಾತಿಯದು. ನಿಜವಾಗಿ ಹಳೆಯ ಮಾಲು ಖಾಲಿ ಮಾಡುವುದಿದ್ದರೆ ಹಳೆಯ ಮಾಲು ಎಂದೇ ಬರೆಯಿರಿ, ಕೊಳ್ಳುವವರು ಬರುತ್ತಾರೆ. ಬಣ್ಣದ ವಿಷಯದಲ್ಲೂ ಹಾಗೆಯೇ. ಕೆಂಪು ಸೆರಗಿನ ಬಣ್ಣ ಬಿಡುವ ಭಯವಿದ್ದರೆ ಮೊದಲ ತೊಳೆತವನ್ನು ಬೇರೆಯಾಗಿ ತಣ್ಣೀರಿನಲ್ಲಿ ಮಾಡಿ ಎಂದು ಕಳಿಸುವ ಮೊದಲೇ ಹೇಳಬೇಕು. ಬಣ್ಣ ಬಿಟ್ಟ ಮೇಲೆ ಹೇಳಿದರೆ ಅದು ನೆಪವಾಗಿ ಕೇಳುತ್ತದೆ.

ಇನ್ನೊಂದು ತಪ್ಪು ಅಭ್ಯಾಸ ಈಚೆಗೆ ಬೆಳೆಯುತ್ತಿದೆ. ಎಳೆ ಕಡಿದದ್ದು, ದಡಿ ಸೊಟ್ಟಗಾದದ್ದು, ಕಲೆ ಬಿದ್ದದ್ದು ಎಲ್ಲವನ್ನೂ ‘ಕೈಮಗ್ಗದ ಲಕ್ಷಣ’ ಎಂದು ದಾಟಿಸುವುದು. ಕೈ ನೇಯ್ಗೆಯಲ್ಲಿ ಸಣ್ಣ ಏರುಪೇರು ಸಹಜ, ಅದನ್ನು ಗಿರಾಕಿಗೆ ವಿವರಿಸಬೇಕು. ಆದರೆ ದೋಷವನ್ನು ಲಕ್ಷಣವೆಂದು ಮಾರಿದರೆ, ಎಳೆ ಎಳೆಯನ್ನೂ ಕಾಯ್ದು ನೇಯುವ ನೇಕಾರನಿಗೆ ಅದು ಮಾಡುವ ಅವಮಾನ. ದೋಷವಿದ್ದ ಸೀರೆಯನ್ನು ಬೇರೆ ಇಡಿ, ದೋಷ ಎಲ್ಲಿದೆ ಎಂದು ತೋರಿಸಿ, ದರ ಇಳಿಸಿ.

ನೇಕಾರನ ಫೋಟೋದ ವಿಷಯ ನನ್ನ ಮನಸ್ಸನ್ನು ಬಹಳ ಕಾಡಿದೆ. ಮಗ್ಗದ ಮುಂದೆ ಬಗ್ಗಿದ ಮುದುಕಿಯ ಮುಖ, ನೂಲಿನ ನಡುವೆ ಸುಕ್ಕುಗಟ್ಟಿದ ಕೈ ನಮ್ಮ ಜಾಹೀರಾತುಗಳಲ್ಲಿ ತುಂಬಿವೆ. ಗಿರಾಕಿಯ ಮನಸ್ಸು ಕರಗುತ್ತದೆ, ದುಡ್ಡು ಬರುತ್ತದೆ. ಆ ಮುದುಕಿಯನ್ನು ಕೇಳಿ ಫೋಟೋ ತೆಗೆದರೋ? ಆ ಸೀರೆ ಆಕೆ ನೇಯ್ದದ್ದೇ? ಆಕೆಯ ಮಜೂರಿ ಈ ವರ್ಷ ಏರಿತೋ? 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ಎಣಿಸಿದ 35.22 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ 70 ಪರ್ಸೆಂಟಿಗೂ ಹೆಚ್ಚು ಮಂದಿ ಹೆಂಗಸರು. ‘ನೇರ ನೇಕಾರರಿಂದ’ ಎಂದು ಬರೆಯುವ ಹಕ್ಕು ಇರುವುದು, ಆ ನೇಕಾರರು ನಮ್ಮ ಅಂಗಡಿಗೆ ಬಂದು ನಮ್ಮ ಬಿಲ್ ನೋಡಿದರೂ ನಾವು ಮುಖ ತಿರುಗಿಸಬೇಕಾಗಿಲ್ಲದಿದ್ದರೆ ಮಾತ್ರ.

ಗುರುತುಗಳು ನಮಗೆ ಈಗಾಗಲೇ ಇವೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್, ಇಳಕಲ್ ಸೀರೆಗೆ ಭೌಗೋಳಿಕ ಗುರುತು. ಅರ್ಹರಾದವರು ಅವನ್ನು ಪಡೆಯಿರಿ. 1912ರಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಗೆ ಇಂದು ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಾರೆಂದರೆ, ಮಾಲು ಕಡಿಮೆ ಇರುವುದೂ ಅದಕ್ಕೆ ಕಾರಣ, ನಿಜ. ಆದರೆ ಅಲ್ಲಿಯ ಪ್ರತಿ ಸೀರೆಗೂ ಅದರದೇ ಸಂಖ್ಯೆ ಇದೆ, ಜರಿಯಲ್ಲಿ ಬೆಳ್ಳಿ ಎಷ್ಟು, ಚಿನ್ನ ಎಷ್ಟು ಎಂದು ಬಹಿರಂಗವಾಗಿ ಹೇಳುತ್ತಾರೆ. ಅಷ್ಟು ದೊಡ್ಡ ಸಂಸ್ಥೆ ಮಾಡಿದ್ದನ್ನು ಸಣ್ಣ ಅಂಗಡಿ ಒಂದು ಚೀಟಿಯಲ್ಲಿ ಮಾಡಬಹುದು.

ನನ್ನ ಸಲಹೆ ಇದು. ನಮ್ಮಿಂದ ಹೋಗುವ ಪ್ರತಿ ಸೀರೆಯ ಮಡಿಕೆಯಲ್ಲಿ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಇರಲಿ. ಹಾಸು ಯಾವುದು, ಹೊಕ್ಕು ಯಾವುದು, ಸೆರಗು ರೇಷ್ಮೆಯೋ ಚಮಕಾನೋ ಪಾಲಿಯೆಸ್ಟರೋ, ಕೈಮಗ್ಗವೋ ಪವರ್‌ಲೂಮೋ, ಯಾವ ಊರಲ್ಲಿ ನೇಯ್ದದ್ದು, ತೊಳೆಯುವುದು ಹೇಗೆ. ಕೆಳಗೆ ಅಂಗಡಿಯ ಮುದ್ರೆ, ಮಾರಿದವರ ಸಹಿ. ಖರ್ಚು ಕಾಗದದ್ದು ಮಾತ್ರ.

“ಪಕ್ಕದ ಅಂಗಡಿಯವನು ಸುಳ್ಳು ಹೇಳಿ ಮಾರುತ್ತಾನೆ, ನಾನು ನಿಜ ಬರೆದು ಕೂತರೆ ಬಾಡಿಗೆ ಕಟ್ಟುವವರು ಯಾರು?” ಎಂದು ನಿನ್ನೆ ಒಬ್ಬ ಕಿರಿಯ ಮಿತ್ರರು ಕೇಳಿದರು. ಹಗುರಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಒಬ್ಬನೇ ಚೀಟಿ ಹಾಕಿದರೆ ಮೊದಲ ಹಂಗಾಮಿನಲ್ಲಿ ಅವನಿಗೆ ಪೆಟ್ಟು ಬೀಳಬಹುದು. ಆದ್ದರಿಂದಲೇ ಇದನ್ನು ಸಮ್ಮೇಳನದ ಮುಂದೆ ತಂದಿದ್ದೇನೆ. ಒಂದು ಪೇಟೆಯ ಬಹುಪಾಲು ಅಂಗಡಿಗಳು ಒಟ್ಟಿಗೆ ಶುರು ಮಾಡಿದರೆ, ಚೀಟಿ ಇಲ್ಲದ ಸೀರೆಯನ್ನು ಕಂಡಾಗ “ಇದಕ್ಯಾಕ ಚೀಟಿ ಇಲ್ರಿ?” ಎಂದು ಗಿರಾಕಿಯೇ ಕೇಳುತ್ತಾರೆ. ಆಗ ಉತ್ತರ ಹುಡುಕುವ ಕಷ್ಟ ಪಕ್ಕದ ಅಂಗಡಿಯವನದು.

“ಹೋಲ್‌ಸೇಲಿನವರು ಹೇಳಿದ್ದನ್ನು ನಂಬಿ ತಂದಿರುತ್ತೇವೆ, ನಮಗೇ ಗೊತ್ತಿಲ್ಲದ್ದನ್ನು ಏನೆಂದು ಬರೆಯುವುದು?” ಎಂಬ ಮಾತೂ ಬಂದಿದೆ. ಬಿಲ್ಲಿನಲ್ಲಿ ಬರೆದುಕೊಡಿ ಎಂದು ಅವರನ್ನು ಕೇಳಿ. ಬರೆಯಲು ಹಿಂಜರಿದರೆ ಅರ್ಥಮಾಡಿಕೊಳ್ಳಿ. ಸೆರಗಿನ ಕುಚ್ಚಿನಿಂದ ಒಂದೆಳೆ ತೆಗೆದು ದೀಪಕ್ಕೆ ಹಿಡಿಯಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಚಮಕಾ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ, ಕುಗ್ಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅನುಮಾನ ಉಳಿದರೆ ಪರೀಕ್ಷೆಗೆ ಕಳಿಸಿ. ಆಮೇಲೂ ಖಾತ್ರಿಯಾಗದಿದ್ದರೆ ಆ ಸಾಲಿನಲ್ಲಿ ‘ಖಾತ್ರಿ ಇಲ್ಲ’ ಎಂದು ಬರೆಯಿರಿ. ಅಷ್ಟು ಬರೆಯಬಲ್ಲ ಅಂಗಡಿಯಲ್ಲಿ ಉಳಿದ ಸಾಲುಗಳನ್ನು ಗಿರಾಕಿ ಕಣ್ಣು ಮುಚ್ಚಿ ನಂಬುತ್ತಾರೆ.

ಚೀಟಿಯ ಕರಡನ್ನು ನಿಮ್ಮ ಕೈಗೆ ಕೊಟ್ಟಿದ್ದೇವೆ. ಅದರ ಕೊನೆಗೆ ಒಂದು ಖಾಲಿ ಸಾಲಿದೆ, ನೇಯ್ದವರ ಹೆಸರಿಗೆ. ಅವರು ಒಪ್ಪಿದರೆ ಮಾತ್ರ ಬರೆಯಬೇಕು. ಮಗ್ಗ ಗಂಡನ ಹೆಸರಿನಲ್ಲಿದ್ದು ನೇಯ್ದವಳು ಹೆಂಡತಿಯಾಗಿದ್ದರೆ ಹೆಂಡತಿಯ ಹೆಸರನ್ನೇ ಬರೆಯಬೇಕು. ಈ ಸಾಲಿನ ಬಗ್ಗೆ ಕಾರ್ಯಕಾರಿ ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದೆ. ಇರಲೇಬೇಕೆಂಬುದು ನನ್ನ ಪಕ್ಷ. ಊಟದ ನಂತರದ ಗೋಷ್ಠಿಯಲ್ಲಿ ಕರಡನ್ನು ಸಾಲು ಸಾಲಾಗಿ ಚರ್ಚಿಸಿ, ತಿದ್ದಿ, ಮತಕ್ಕೆ ಹಾಕೋಣ. ಒಪ್ಪಿಗೆಯಾದರೆ ಬರುವ ಶ್ರಾವಣದೊಳಗೆ ಅಚ್ಚು ಮಾಡಿಸಿ ಹಂಚುವ ಹೊಣೆ ಅಧ್ಯಕ್ಷನಾಗಿ ನನ್ನದು.